ಹಾರ್ಮನ್ ಬಿಡದ ಸ್ಫೋಟ

ಕಟ್ಟುಕತೆ ಅನ್ನಬೇಡಿ. ಆಮ್‌ಸ್ಟರ್‌ಡ್ಯಾಮಿನಲ್ಲಿ ನನ್ನ ಪಕ್ಕದ ಮನೆಯ ವೀತ್ಸ್ಕೆಗೆ ಆದದ್ದು. ಕೊನೆಯದನ್ನು ನಾನೇ ಕಂಡಿದ್ದೇನೆ. ಅವಳು ಸಂಶೋಧನೆ ಮಾಡುತ್ತಿದ್ದ ಖಗೋಳ ವಿಭಾಗದ ಕಚೇರಿಯಲ್ಲೇ ನನಗೆ ಕೆಲಸ.

ಡಿಸೆಂಬರ್. ಸಂಜೆ ಐದಕ್ಕೇ ಕಗ್ಗತ್ತಲು. ಕಾಲುವೆ ದಂಡೆಯಲ್ಲಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದಳು, ಅಳುತ್ತಾ. ಆ ದಿನ ಪ್ರೊಫೆಸರ್ ರೂರ್ಡ್ ಅಂದಿದ್ದ: "ಆ ಒಂದು ಸ್ಫೋಟ ಕೈಬಿಡು. ಇಲ್ದಿದ್ರೆ ನಿನ್ನ ಡಾಕ್ಟರೇಟಿಗೆ ನಾನು ಸಹಿ ಹಾಕಲ್ಲ."

ನ್ಯೂಟ್ರಾನ್ ನಕ್ಷತ್ರ ಅಂದರೆ ಸತ್ತ ನಕ್ಷತ್ರದ ಕುಗ್ಗಿದ ತಿರುಳು; ಅದರ ಮೇಲೆ ಅನಿಲ ಬಿದ್ದು, ರಾಶಿಯಾಗಿ, ಒಮ್ಮೆಲೇ ಸಿಡಿಯುತ್ತದೆ. ಆಗ ಹೊಮ್ಮುವ ಎಕ್ಸ್-ಕಿರಣ ಹೇಗೆ ಏರಿತು, ಹೇಗೆ ಇಳಿಯಿತು ನೋಡಿ, ಕಂಪ್ಯೂಟರಿನಿಂದ ಲಕ್ಷಗಟ್ಟಲೆ ಊಹೆ ಹಾಕಿಸಿ, ನಕ್ಷತ್ರ ಎಷ್ಟು ದೊಡ್ಡದಿರಬಹುದು ಅಂತ ಲೆಕ್ಕ ಹಿಡಿಯುತ್ತಾರೆ. ಚಿಕ್ಕದು ಅಂತ ಬರೆದೇ ರೂರ್ಡ್ ಹೆಸರು ಮಾಡಿದ್ದ. ಒಂದೇ ಒಂದು ಸ್ಫೋಟ ಅದಕ್ಕೆ ಒಪ್ಪುತ್ತಿರಲಿಲ್ಲ. ಅದಕ್ಕಾಗಿ ಜಗಳವಾಡಿದವನು ಹಾರ್ಮನ್, ಅವಳಿಗಿಂತ ಹಿಂದಿನ ವಿದ್ಯಾರ್ಥಿ. ಉಪಕರಣದ ದೋಷ ಅಂತ ರೂರ್ಡ್ ಅದನ್ನು ತೆಗೆದೇ ಹಾಕಿದ. ಆ ವರ್ಷದ ಚಳಿಗಾಲದಲ್ಲೇ ಹಾರ್ಮನ್ ಸೈಕಲ್ ಸಮೇತ ಕಾಲುವೆಗೆ ಬಿದ್ದು ಸತ್ತ. ಮಣ್ಣಿಗೆ ಬಂದ ರೂರ್ಡ್ ಅಲ್ಲಿ ಎಲ್ಲರಿಗೂ ಕೊಡುವ ಕಾಫಿ, ಕೇಕು ಮುಗಿಸಿ ಹೋದ. ನೆನೆದರೆ ಈಗಲೂ ಮೈ ಉರಿಯುತ್ತದೆ ನನಗೆ! ಅದೇ ಸ್ಫೋಟವನ್ನು ವೀತ್ಸ್ಕೆ ಮತ್ತೆ ಲೆಕ್ಕಕ್ಕೆ ತಂದಿದ್ದಳು.

ಆ ಸಂಜೆ ಸೇತುವೆ ಹತ್ತಿರ... ಅವಳ ಹಿಂದಿನಿಂದ ಸದ್ದು. ಕಿರ್ರ್... ಟಕ್. ಕಿರ್ರ್... ಟಕ್. ಚೈನು ಅದರ ಕವಚಕ್ಕೆ ಬಡಿಯುವ ಸದ್ದು. ಅದು ಯಾರ ಸೈಕಲ್ ಅಂತ ಇಡೀ ವಿಭಾಗಕ್ಕೇ ಗೊತ್ತಿತ್ತು.

"ಬಿಟ್ಯಾ ಅದನ್ನ?" ಪಿಸುದನಿ.

"ಬಿಟ್ಟೆ... ಇನ್ನೇನು ಮಾಡ್ಲಿ?"

"ದೋಷ ಇತ್ತಾ ಅದ್ರಲ್ಲಿ?"

"ಇರ್ಲಿಲ್ಲ..."

"ಮತ್ತೆ?"

ತಿರುಗಿ ನೋಡಿದರೆ... ಯಾರೂ ಇಲ್ಲ.

ಬೆಳಿಗ್ಗೆ ಅವಳು ರೂರ್ಡ್ ಕೋಣೆಗೆ ನುಗ್ಗಿದಳು. ನನ್ನ ಮೇಜು ಅದರ ಎದುರಿಗೇ.

"ಸ್ಫೋಟ ವಾಪಸ್ ಸೇರಿಸಿದೀನಿ, ರೂರ್ಡ್. ನಕ್ಷತ್ರ ದೊಡ್ಡದೇ. ಸಹಿ ಹಾಕದಿದ್ರೆ ಬಿಡು, ಹೋಗು!"

"ಹಾರ್ಮನ್ ಹುಚ್ಚು ನಿಂಗೂ ಹಿಡೀತಾ?" ಅಂತ ನಕ್ಕ.

ಆಗ ಕೇಳಿತು. ಮೂರನೇ ಮಹಡಿಯ ಕಾರಿಡಾರಿನಲ್ಲಿ... ಕಿರ್ರ್... ಟಕ್. ನನ್ನ ಬೆನ್ನ ಹಿಂದೆಯೇ ಹಾದುಹೋಯಿತು. ರೂರ್ಡ್ ನಗು ಅರ್ಧಕ್ಕೇ ನಿಂತಿತು.

ಲಿಫ್ಟಿನಿಂದ ಅವನ ಬಾಗಿಲವರೆಗೆ ಒದ್ದೆ ಚಕ್ರದ ಗುರುತು. ವಾಪಸ್ ಹೋದ ಗುರುತಿಲ್ಲ.

"ಒರೆಸು ಅದನ್ನ," ಅಂದ ನನಗೆ.

"ನೀನೇ ಒರೆಸ್ಕೋ," ಅಂದೆ. ಪ್ರೊಫೆಸರರನ್ನೂ ಹೆಸರು ಹಿಡಿದು, ನೀನು ಅಂತಲೇ ಕರೆಯುವ ಊರು ಅದು. ಆ ದಿನ ಉಪಯೋಗಕ್ಕೆ ಬಂತು.

ಮಂಡಿಯೂರಿ ಒರೆಸಿದ. ಆಮೇಲೆ ಸಹಿಯನ್ನೂ ಹಾಕಿದ.

ನಂಬಿದರೆ ನಂಬಿ. ಆ ನೀರಿಗೆ ಕಾಲುವೆಯ ಪಾಚಿ ವಾಸನೆ ಇತ್ತು. ಆ ವಾರವಿಡೀ ಕಾಲುವೆ ಹೆಪ್ಪುಗಟ್ಟಿ ಕಲ್ಲಾಗಿತ್ತು.