ಬಾಳವ್ವನ ಡಬ್ಬಿಯಲ್ಲಿದ್ದ ಫ್ರೀವೀಲ್

ಈ ಕತೆ ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಇದು ಬಾಳವ್ವನದು, ಅವಳ ಬಾಯಿಂದಲೇ ಕೇಳಬೇಕಾದದ್ದು. ನಾನು ಸಂಜೆ ಶಾಲೆಯಲ್ಲಿ ಅಕ್ಷರ ಕಲಿತವನು. ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆದಿದ್ದೇನೆ ಅಂದುಕೊಂಡಿದ್ದೇನೆ. ಎಲ್ಲಾದರೂ ಒಂದು ಮಾತು ಹೆಚ್ಚಾಗಿದ್ದರೆ ಅದು ನನ್ನ ತಪ್ಪು, ಅವಳದಲ್ಲ.

ಗಡಹಿಂಗ್ಲಜದ ಎಸ್‌ಟಿ ಬಸ್ ಸ್ಟ್ಯಾಂಡಿನ ಎದುರು ಬಾಳವ್ವನ ಚಹಾದಂಗಡಿ ಇದೆ. ಆ ಸಂಜೆ ಹಿರಣ್ಯಕೇಶಿ ಹೊಳೆಯ ನೀರು ರಸ್ತೆಗೆ ಬಂದು ಬಸ್ಸುಗಳೆಲ್ಲ ನಿಂತಿದ್ದವು. ತಗಡಿನ ಮೇಲೆ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಬೆಂಚಿನ ಮೇಲೆ ನಾನು, ಕಂಡಕ್ಟರ್ ಬಾಪೂಸಾಹೇಬ, ಮತ್ತು ಕೊಲ್ಹಾಪುರದಿಂದ ಬಂದಿದ್ದ ರೋಹನ ಎಂಬ ತರುಣ. ಹಳೆಯ ಸೈಕಲ್ಲುಗಳನ್ನು ಹುಡುಕಿ ತಂದು ಮೊದಲಿನಂತೆ ಮಾಡುವ ಹವ್ಯಾಸ ಅವನದು. ಗೋಣಿಚೀಲದಲ್ಲಿ ಸುತ್ತಿದ ಒಂದು ಹಿಂದಿನ ಗಾಲಿಯನ್ನು ತಂದು, ಕೂಸನ್ನು ಮಲಗಿಸಿದಷ್ಟು ಮೆಲ್ಲಗೆ ಗೋಡೆಗೆ ಒರಗಿಸಿದ್ದ.

“ಆಜಿ, ಯಡ್ರಾವದ ಸೈಕಲ್ ಮಿಸ್ತ್ರಿ ಹೇಳಿದ್ರು, ನಿಮ್ಮ ಕಡೆ ಹಿಂದಿನ ಗಾಲಿಗೆ ಹಾಕೂ ಒಂದು ಹಳೇ ಫ್ರೀವೀಲ್ ಐತಿ ಅಂತ. ನನ್ನ ಸೈಕಲ್ಲಿಗೆ ಅದೊಂದ ಬಾಕಿರಿ.”

“ಪ್ಯಾಟ್ಯಾಗ ಹೊಸಾದು ಸಿಗತೈತಲ್ಲೋ,” ಎಂದ ಬಾಪೂಸಾಹೇಬ. “ಆ ಗುಜರಿ ಭಂಗಾರದ ಜೋಡಿ ಏನ ಲಗ್ನಾ ಆಗಾಂವ?”

“ಕಾಕಾ, ಹೊಸಾದು ಬರೇ ತಿರಗತೈತಿ. ಹಳೇ ಸೈಕಲ್ಲಿನ ಘಂಟಿಗೆ ಒಮ್ಮೆ ಉಗುರಲೆ ಹೊಡದು ನೋಡ್ರಿ, ನಿಮ್ಮ ಚಹಾ ಮುಗಿಯೂತನಕಾ ಅದರ ದನಿ ಗಾಳ್ಯಾಗ ನಿಂತಿರತೈತಿ.”

ಒಲೆಯ ಉರಿ ಸಣ್ಣ ಮಾಡಿ, ಬಾಳವ್ವ ಹಲಗೆಯ ಮೇಲಿನ ಒಂದು ತಗಡಿನ ಡಬ್ಬಿಯನ್ನು ಇಳಿಸಿ ಮಡಿಲಲ್ಲಿ ಇಟ್ಟುಕೊಂಡಳು. ತೆಗೆಯಲಿಲ್ಲ.

“ಕೊಡತೇನಿ ತಮ್ಮಾ. ಮದಲ ಕೇಳು. ಕೇಳಿದ ಮ್ಯಾಲೂ ಬೇಕಂದ್ರ ಒಯ್ಯಿ.

“ನಮ್ಮ ಮನಿಯವರಿಗೆ ಸೈಕಲ್ಲಿನ ಹುಚ್ಚು...”

ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳುವವಳಲ್ಲ. ಸಿದ್ದರಾಯ ಅಂತ, ಎಂದು ಬಾಪೂಸಾಹೇಬ ನನ್ನ ಕಿವಿಯಲ್ಲಿ ಹೇಳಿದ.

“ಆವಾಗ ನಾವು ಯಡ್ರಾವದಾಗ ಇದ್ವಿ. ಮಗ್ಗ ರಿಪೇರಿಗಂತ ಇವರು ಇಚಲಕರಂಜಿ ತುಂಬ ಅಡ್ಡಾಡೋರು, ಅಡ್ಡಾಡಿದಲ್ಲೆಲ್ಲಾ ಹಳೇ ಸೈಕಲ್ಲಿಂದು ಒಂದೊಂದ ಸಾಮಾನ ಹುಡಕಿ ತರೋರು. ಒಂದಿನ ಒಂದು ಹಿತ್ತಾಳಿ ದೀಪ, ಅದರ ಎರಡೂ ಮಗ್ಗಲಕ ಕೆಂಪಂದು ಹಸರಂದು ಸಣ್ಣ ಹಳ್ಳು, ಮೂಗಬಟ್ಟಿನ್ಯಾಗ ಇರತಾವಲ್ಲ ಹಂಗ. ಒಂದಿನ ಚೈನ್ ಚಕ್ರ, ನಡುವ ಹೂವಿನ ಎಸಳ ಕೊರದದ್ದು, ಗ್ವಾಡಿಗೆ ತೂಗ ಹಾಕಿದ್ರ ದೇವರ ಪ್ರಭಾವಳಿ ಅನಬೇಕು. ಹಿಂದಿನ ಗಾಲಿ ನಡುವಿನ ಹಬ್ಬಿಗೆ ಎಣ್ಣಿ ಬಿಡಾಕ ಒಂದ ಸಣ್ಣ ತೂತು, ಆ ತೂತಿಗೂ ಒಂದ ಮುಚ್ಚಳ... ಬಟ್ಟಲೆ ಸರಸಿ ಬಿಟ್ರ ತಾನ ಮುಚ್ಕೋತಿತ್ತು, ಕೂಸಿನ ಕಣ್ಣರೆಪ್ಪಿ ಹಂಗ. ಸುಳ್ಳ ಯಾಕ ಹೇಳ್ಲಿ, ನನಗೂ ಅದರ ಮ್ಯಾಲ ಜೀವ ಆತು. ಹಬ್ಬು ಹೊಳೀತಿರ್ಲಿ ಅಂತ ನನ್ನ ಲಗ್ನದ ಇರಕಲ್ ಸೀರಿಯ ಹಸರ ಅಂಚು ಹರದು, ಹಬ್ಬಿನ ಸುತ್ತ ಉಂಗರದಂಗ ಹೊಲದ ಕೊಟ್ಟೆ. ಗಾಲಿ ತಿರಗಿದಂಗ ಅದು ಹಬ್ಬು ಒರಸ್ಕೋತ ಇರತಿತ್ತು. ಆವತ್ತ ನೋಡ್ರಿ, ಅವರು ನನ್ನ ಮಾರಿ ನೋಡಿ ನಕ್ಕಿದ್ದು.

“ಮುಂದ ಅವರಿಗೆ ಎದಿಬ್ಯಾನಿ ಹಚ್ಚಿತು. ಕೊಲ್ಹಾಪುರದ ದವಾಖಾನಿಗೆ ಹೋಗೂ ಮುಂದ ಸೈಕಲ್ ನನ್ನ ಹಂತ್ಯಾಕ ಬಿಡಲಿಲ್ಲರಿ. ತಮ್ಮ ಗೆಣ್ಯಾ, ಜೀವದ ದೋಸ್ತ, ಕಾಕಾಸಾಹೇಬನ ಮಗ್ಗದ ಶೆಡ್ಡಿನ್ಯಾಗ ಇಟ್ರು. ‘ಇಕೀಗಿ ಇದರದು ಏನ ತಿಳೀತೈತಿ’ ಅಂದ್ರು. ನನ್ನ ಮುಂದನ... ‘ನಾ ಬರೂತನಕಾ ನೋಡ್ಕೊ. ಬರಲಿಲ್ಲಂದ್ರ ಇಕೀಗಿ ಕೊಡು.’ ಕಾಕಾಸಾಹೇಬ ಕೈಯಾಗ ಕೈ ಇಟ್ಟು ಹೂಂ ಅಂದ.

“ಅವರು ಬರಲಿಲ್ಲ. ಅವರ ದಿನಕರ್ಮಾ ಮುಗದ ಮ್ಯಾಲ ಕೇಳಾಕ ಹೋದ್ರ, ‘ವೈನಿ, ಕಳವಾತರಿ’ ಅಂದ, ಕಣ್ಣಾಗ ನೀರ ತಂದು. ನಾನ ಅಂವಗ ಸಮಾಧಾನ ಹೇಳಿ ಬಂದೆ.”

ಕಾಕಾಸಾಹೇಬ ಎಂಬ ಹೆಸರು ಬಂದಾಗಿನಿಂದ ರೋಹನ ತನ್ನ ಕಾಲನ್ನು ಗೋಣಿಚೀಲದಿಂದ ದೂರ ಎಳೆದುಕೊಂಡಿದ್ದನ್ನು ನಾನು ಗಮನಿಸಿದೆ.

“ತವರಿನವರು ನನ್ನ ಇಲ್ಲಿಗೆ ಕರಕೊಂಡ ಬಂದ್ರು, ಅಂಗಡಿ ಹಾಕಿ ಕೊಟ್ರು. ವರ್ಷಗಟ್ಟಲೆ ಆದ ಮ್ಯಾಲ, ಭಜಿ ಕಟ್ಟೂ ಪೇಪರಿನ್ಯಾಗ ಒಂದ ಫೋಟೋ. ಕೊಲ್ಹಾಪುರದಾಗ ಹಳೇ ಸೈಕಲ್ಲಿನ ಮೆರವಣಿಗಿ ಐತಿ, ಅದಕ್ಕ ಕಾಕಾಸಾಹೇಬರು ತಾವ ಸ್ವತಾ ಜೋಡಿಸಿದ ಸೈಕಲ್ಲು ಅಂತ. ಹಬ್ಬಿನ್ಯಾಗ ನನ್ನ ಸೀರಿ ಅಂಚು... ಉಟ್ಟ ಸೀರಿ ಯಾವ ಹೆಂಗಸು ಮರೀತಾಳ ಹೇಳ್ರಿ?

“ಹೋದೆ. ಮಟಮಟ ಮಧ್ಯಾಹ್ನ. ಶೆಡ್ಡಿನ್ಯಾಗ ಮಗ್ಗದ ಗದ್ದಲಾ, ನಾ ಒದರಿದ್ದು ನನಗ ಕೇಳವಲ್ದು. ಅಂವ ನನ್ನ ಕಿವ್ಯಾಗ ಬಗ್ಗಿ, ‘ಇಂಥಾವು ಊರಾಗ ಬೇಕಾದಷ್ಟ ಅದಾವ ವೈನಿ’ ಅನ್ನಾಕತ್ತಾನ. ಅಷ್ಟರಾಗ ಲೈಟ್ ಹೋತು. ಎಲ್ಲಾ ಮಗ್ಗ ಒಮ್ಮಿಗ್ಲೆ ನಿಂತ್ವು. ಆ ಸುಮ್ಮನಾಗೂದು ನಿಮಗ ಗೊತ್ತದಲ್ಲ, ಕಿವಿ ಭಣಭಣ ಅಂತಾವ... ಆವಾಗ ಕೇಳಿಸ್ತು. ಟಿಕ್... ಟಿಕ್... ಟಿಕ್...

“ಮೂಲ್ಯಾಗ ಸೈಕಲ್ ಸ್ಟ್ಯಾಂಡಿನ ಮ್ಯಾಲ ನಿಂತೈತಿ. ಯಾರೂ ಮುಟ್ಟಿಲ್ಲ. ಪೈಡಲ್ ತಿರಗಾಕತ್ತಾವ. ಹಿಂದಕ... ಸತ್ತವರ ಪಾದ ಹಿಂದ ಮುಂದ ಇರತಾವಂತ ನಿಮ್ಮ ಮನ್ಯಾಗೂ ಹೇಳಿರಬೇಕಲ್ಲ? ಅಂಥಾ ಪಾದಾ ಮುಂದಕ ಹ್ಯಾಂಗ ತುಳೀಬೇಕು?

“ಕಾಕಾಸಾಹೇಬನ ಮಾರಿ ಸುಣ್ಣ ಆಗಿತ್ತು. ‘ಲೈಟ್ ಹೋದಾಗೆಲ್ಲಾ ಇದರಿ ವೈನಿ. ಮಗ್ಗ ನಡದಾಗೂ ತಿರಗತಿರಬೇಕು, ಕೇಳೂದಿಲ್ಲ ಅಷ್ಟ.’

“‘ಹಂಗಾರ ಕೊಟ್ಟಬಿಡು’ ಅಂದೆ. ‘ಮೆರವಣಿಗಿ ಮುಗೀಲಿ’ ಅಂದ. ಫೋಟೋ ಬಂದೈತೆಲ್ಲ, ಮಂದಿ ಏನಂದಾರು. ಅದಕ್ಕ ಫ್ರೀವೀಲ್ ಬಿಚ್ಚಿಸಿ ಗಟ್ಟಿ ಹಲ್ಲಿನ ಚಕ್ರ ಹಾಕಸತೇನಿ, ಟಿಕ್ ಅನ್ನೂದ ಇಲ್ಲ, ಅಂದ. ನಾ ಹೇಳಿದೆ... ಬ್ಯಾಡ. ಫ್ರೀವೀಲ್ ಐತಿ ಅಂತ ಹಿಂದಕ ತುಳದ್ರೂ ಬರೇ ಟಿಕ್ ಅಂತೈತಿ, ಗಾಲಿ ಹೋಗೂದಿಲ್ಲ. ಅದನ್ನ ತಗದ್ರ ಪೈಡಲ್ ತಿರಗಿದ ಕಡೆ ಗಾಲಿನೂ ಓಡತೈತಿ. ಇದೆಲ್ಲಾ ಅವರ ಹೇಳಿದ್ದು. ಗ್ವಾಡಿ ಮುಂದ ಹೇಳಿದಂಗ ಹೇಳೋರು, ಗ್ವಾಡಿ ಕೇಳಸ್ಕೊಂಡಿತ್ತು. ಕಾಕಾಸಾಹೇಬ ನಕ್ಕ. ‘ವೈನಿ ಮಿಸ್ತ್ರಿ ಆಗ್ಯಾರ’ ಅಂದ. ಬಿಚ್ಚಿ ಒಗದ ಫ್ರೀವೀಲ್ ಮುಂದ ಆ ಯಡ್ರಾವದ ಮಿಸ್ತ್ರೀನ ತಂದು ನನಗ ಕೊಟ್ಟ. ಇಟ್ಕೊಳ್ಳಾಕ ಅಂವಗ ಧೈರ್ಯಾ ಇರಲಿಲ್ಲ.

“ಮೆರವಣಿಗಿ ದಿನಾ ರಂಕಾಳಾ ಕೆರಿ ದಂಡಿಗೆ ನಾನೂ ಹೋಗಿ ನಿಂತಿದ್ದೆ. ಬಿಸಲಿಗೆ ದೀಪದ ಆ ಹಳ್ಳು ಹೊಳಿಯೂದೇನು, ಚಕ್ರದ ಎಸಳ ತಿರಗೂದೇನು... ಪಟಗಾ ಸುತಗೊಂಡ ಬಂದ ಕಾಕಾಸಾಹೇಬ. ನನ್ನ ನೋಡಿ ಮಾರಿ ಹೊಳ್ಳಿಸಿದ. ಹೊಳ್ಳಿಸಿದ್ದ ತಡಾ, ಸೈಕಲ್ ನಿಂತಬಿಡ್ತು. ನಿಂತು, ಹಿಂದಕ ಹ್ವಾಂಟ್ತು. ಮದಲ ಸಾವಕಾಶ, ಆಮ್ಯಾಲ ಜೋರ. ಅಂವ ಕಾಲ ಕಿತ್ಕೋಬೇಕಂತಾನ, ಪೈಡಲ್ ಬಿಡವಲ್ದು. ಮಂದಿ ಸರ್ಕಸ್ ಅಂತ ತಿಳಿದು ಚಪ್ಪಾಳಿ ಹೊಡದ್ರು. ಅಂವ ಒದರತಾನ, ಇವರು ಚಪ್ಪಾಳಿ ಹೊಡೀತಾರ... ಕೆರಿ ಕಟ್ಟಿಗೆ ಹೋಗಿ ಬಡದ.

“ಸಾಯಲಿಲ್ಲರಿ. ಹಾಸಿಗಿ ಹಿಡದ. ನೋಡಾಕ ಹೋಗಿದ್ದೆ. ಮಾತಿಲ್ಲ, ಕೈ ಎತ್ತೂದಿಲ್ಲ. ಚಾದರದ ಕೆಳಗ ಕಾಲ ಎರಡು ತಿರಗತಿದ್ವು. ಹಿಂದಕ... ಜೀವ ಹೋಗೂತನಕಾ ನಿಲ್ಲಲಿಲ್ಲಂತ.”

ಮಳೆ ಜೋರಾಯಿತು.

“ಅಂತೂ ನಿನಗಾದ ಮೋಸಕ್ಕ ಮಾಂವ ಸತ್ತ ಮ್ಯಾಲೂ ಸೇಡ ತೀರಿಸ್ಕೊಂಡ ಬಿಡಬೇ,” ಎಂದ ಬಾಪೂಸಾಹೇಬ, ಮೆಲ್ಲಗೆ.

“ಎಲ್ಲಾರೂ ಹಂಗ ಅಂತಾರ. ನನಗಾದ ಮೋಸಕ್ಕ?” ಬಾಳವ್ವ ಡಬ್ಬಿಯ ಮೇಲೆ ಕೈಯಾಡಿಸಿದಳು. “ಈ ಡಬ್ಬಿ ನನ್ನ ತಲಿದಿಂಬಿನ ಹಂತ್ಯಾಕ ಇಟಗೊಂಡ ಮಲಗೇನಿ. ಲೈಟ್ ಹೋದಾಗೆಲ್ಲಾ ಕಿವಿಗೊಟ್ಟ ಕುಂತೇನಿ. ಒಮ್ಮೆರೆ ಟಿಕ್ ಅನಲಿಲ್ಲ. ಗೆಣ್ಯಾನ ಶೆಡ್ಡಿಗೆ ಹೋದ್ರು, ರಂಕಾಳಕ್ಕ ಹೋದ್ರು. ನನ್ನ ಮನಿ ದಾರಿ ಅವರಿಗೆ ಸಿಗಲಿಲ್ಲ. ಅವರು ಬಂದದ್ದು ಸೈಕಲ್ಲಿಗೆ, ನನಗಲ್ಲ.”

ರೋಹನ ಏನೋ ಹೇಳಲು ಬಾಯಿ ತೆರೆದ. ಆಗಲೇ ಲೈಟ್ ಹೋಯಿತು. ಒಲೆಯ ಬೆಳಕಿನಲ್ಲಿ ನಾವು ನಾಲ್ವರು. ಬಾಳವ್ವನ ಮಡಿಲಲ್ಲಿ, ಮುಚ್ಚಿದ ಡಬ್ಬಿಯೊಳಗೆ, ಟಿಕ್ ಎಂದಿತು. ಸ್ವಲ್ಪ ಬಿಟ್ಟು, ಇನ್ನೊಮ್ಮೆ.

ಅವಳ ಮುಖದಲ್ಲಿ ಏನೋ ಅರಳಿತು. ನಂತರ ಅವಳ ಕಣ್ಣು ಗೋಡೆಗೆ ಒರಗಿದ್ದ ಗೋಣಿಚೀಲದ ಮೇಲೆ ಬಿತ್ತು, ಅರಳಿದ್ದು ಹಾಗೇ ಮುಚ್ಚಿಕೊಂಡಿತು.

“ಬಿಚ್ಚ ತಮ್ಮಾ.”

“ಆಜಿ, ನನಗ ಖರೇನ ಗೊತ್ತಿರಲಿಲ್ಲರಿ. ಕಾಕಾಸಾಹೇಬರ ಮನ್ಯಾಗಿನವರು ಸೈಕಲ್ ಸುಮ್ಮನ ಕೊಟ್ರು, ಯಾಕಂತ ಹೇಳಲಿಲ್ಲ.”

“ನಿಂದೇನ ತಪ್ಪೈತಿ? ಬಿಚ್ಚು.”

ಹಬ್ಬಿನ ಸುತ್ತ ಎಣ್ಣೆ ಕುಡಿದು ಕಪ್ಪಾದ ಬಟ್ಟೆಯ ಉಂಗುರವಿತ್ತು. ಹೊಲಿಗೆಯ ಮಡಿಕೆಯಲ್ಲಿ ಮಾತ್ರ ಹಸಿರು ಉಳಿದಿತ್ತು. ಬಾಳವ್ವ ಹಾಲಿನ ಪಾಕೀಟು ಕತ್ತರಿಸುವ ಕತ್ತರಿ ತಂದು, ಅದನ್ನು ಕತ್ತರಿಸಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಡಬ್ಬಿಯನ್ನು ರೋಹನನ ಕೈಗೆ ಕೊಟ್ಟಳು.

“ಇದನ್ನ ಹಾಕಸು. ಹಾಕಸೂತನಕಾ ಆ ಸೈಕಲ್ ಹತ್ತಬ್ಯಾಡ. ಹಾಕಿಸಿದ ಮ್ಯಾಲ ಅವರು ಕುಂತಲ್ಲೆ ತುಳಕೋತ ಇರವಲ್ರ್ಯಾಕ.”

ನಮ್ಮ ಕಡೆ ಬಾಗಿಲಿನಿಂದ ಯಾರನ್ನು ಕಳಿಸುವಾಗಲೂ ‘ಹೋಗಿ ಬಾ’ ಅನ್ನುತ್ತೇವೆ. ಬಾಳವ್ವ ಡಬ್ಬಿಯ ಕಡೆ ಬಗ್ಗಿ, ಜನ್ಮದಲ್ಲಿ ಬಹುಶಃ ಮೊದಲ ಸಲ, ಆ ಹೆಸರು ಹಿಡಿದು ಕರೆದಳು.

“ಸಿದ್ದರಾಯಾ, ಹೋಗು.”

ಸದ್ದು ನಿಂತಿತು.

ರೋಹನ ಫ್ರೀವೀಲ್ ಹಾಕಿಸಿದ್ದಾನೆ. ಸೈಕಲ್ಲನ್ನು ಇನ್ನೂ ಹತ್ತಿಲ್ಲ. ಕೊಲ್ಹಾಪುರದಲ್ಲಿ ಲೈಟ್ ಹೋದಾಗ ಒಮ್ಮೊಮ್ಮೆ ನನಗೆ ಫೋನ್ ಮಾಡುತ್ತಾನೆ, ಏನೂ ಮಾತಾಡದೆ ಫೋನನ್ನು ಸೈಕಲ್ಲಿನ ಹತ್ತಿರ ಹಿಡಿಯುತ್ತಾನೆ. ನನಗೂ ಕೇಳಿಸುತ್ತದೆ. ಇದನ್ನು ಬಾಳವ್ವನಿಗೆ ಹೇಳಿದೆ. ಅವಳು ಲೋಟ ತೊಳೆಯುತ್ತ, “ಅಲ್ಲೆ ಅದಾರಲ್ಲ, ಇರ್ಲಿ,” ಅಂದಳು.

ಆ ಸಂಜೆ ಡಬ್ಬಿಯೊಳಗಿನ ಸದ್ದು ಕೊನೆಗೂ ಅವಳಿಗಾಗಿ ಬಂದದ್ದೋ, ಗೋಣಿಚೀಲದ ಗಾಲಿಗಾಗಿ ಬಂದದ್ದೋ, ನನಗೆ ಗೊತ್ತಿಲ್ಲ. ಅವಳನ್ನು ಕೇಳುವ ಧೈರ್ಯ ನನಗಾಗಿಲ್ಲ.