ಓದು ಕೇಳುವ ನಾಯಿ

ಇಂಗ್ಲೆಂಡಿನ ಹಲ್ ಪಟ್ಟಣದ ಬಸ್ಸಿನಲ್ಲಿ ಡೋರೀನ್‌ಗೆ ಎದುರಾಗಿ ಕೂತ ಇಬ್ಬರು ತಾಯಂದಿರು, ಲಿಂಡ್ಸೆ ಮತ್ತು ಗೆಮ್ಮಾ, ಮಾತಿಗಿಳಿದಿದ್ದರು. ಶುರು ಮಾಡಿದ್ದು ಲಿಂಡ್ಸೆ.

“ಬಡಮಕ್ಕಳಿಗೆ ಅಂತ ಸರ್ಕಾರ ಜಾಸ್ತಿ ದುಡ್ಡು ಕೊಡುತ್ತಲ್ಲ ಗೆಮ್ಮಾ, ಅದರಲ್ಲಿ ನಮ್ಮ ಸ್ಕೂಲಿನವರು ನಾಯಿ ತಂದಿದಾರೆ ಕಣೇ.”

“ನಾಯೀನಾ? ಕಾಯೋದಕ್ಕಾ?”

“ಓದು ಕೇಳೋದಕ್ಕೆ. ಸ್ಕೂಲಲ್ಲಿ ಪುಕ್ಕಟೆ ಊಟ ಸಿಗೋ ಬಡಮಕ್ಕಳು ಒಬ್ಬೊಬ್ಬರಾಗಿ ಅದರ ಮುಂದೆ ಕೂತು ಗಟ್ಟಿಯಾಗಿ ಓದಬೇಕು. ನಮ್ಮ ಡೆಕ್ಲನ್ ಸರದಿ ಗುರುವಾರ.”

“ತಪ್ಪು ಓದಿದ್ರೆ?”

“ಬಾಲ ಅಲ್ಲಾಡಿಸುತ್ತೆ.”

“ಸರಿಯಾಗಿ ಓದಿದ್ರೆ?”

“ಆಗಲೂ ಅಲ್ಲಾಡಿಸುತ್ತೆ. ಅದರಿಂದ ಮಕ್ಕಳಿಗೆ ಧೈರ್ಯ ಬರುತ್ತಂತೆ, ಹೆಡ್ ಮೇಡಮ್ ಹೇಳಿದ್ರು.”

“ಓದು ಬರುತ್ತಾ?”

“ನಾಯಿ ಬಂದಾಗಿಂದ ನಮ್ಮೋನು ಅದೇ ಪುಟ ಓದ್ತಿದಾನೆ. ನಾಯಿಗೇನೂ ಬೇಜಾರಿಲ್ಲ.”

“ಮೊದಲು ಯಾರು ಕೇಳ್ತಿದ್ರು?”

“ಯಾರೋ ಒಬ್ಬಳು ಇದ್ದಳು. ಸಂಬಳಕ್ಕೆ ದುಡ್ಡು ಸಾಲಲ್ಲ ಅಂತ ಈಸ್ಟರ್ ಹೊತ್ತಿಗೆ ಕೆಲಸದಿಂದ ತೆಗೆದ್ರು.”

“ಏನವಳ ಹೆಸರು?”

“ಏನೋಮ್ಮ, ನೆನಪಿಲ್ಲ. ನಾಯಿ ಹೆಸರು ಬಿಸ್ಕತ್ತು.”

ಅವರ ನಿಲ್ದಾಣ ಬಂತು. ಆ ಶಾಲೆಯಲ್ಲಿ ಹನ್ನೊಂದು ವರ್ಷ ಮಕ್ಕಳ ಓದು ಕೇಳಿದ್ದ ಡೋರೀನ್, ಕಾಲು ಹಿಂದಕ್ಕೆಳೆದುಕೊಂಡು ಇಬ್ಬರಿಗೂ ದಾರಿ ಬಿಟ್ಟಳು.