ಮೇಲಿನ ರೂಮು ಆಮೇಲೆ ನೋಡೋಣ

ಅಲ್ಲ ಮೇಡಂ, ಗಾಲಿಕುರ್ಚಿ ಅಲ್ಲ ಅದು. ಅಂದ್ರೆ... ಕುರ್ಚಿ ಹೌದು, ಈಗ ಗಿಡದ ಸ್ಟ್ಯಾಂಡು. ಬಿಸಿಲು ಎಲ್ಲಿಗೆ ಹೋಗುತ್ತೋ ಅಲ್ಲಿಗೆ ಕುಂಡ ತಳ್ಕೊಂಡು ಹೋಗಬಹುದು ನೋಡಿ. ಹಳೇ ಸಾಮಾನಿನ ಅಂಗಡೀಲಿ ಸಿಕ್ತು. ಯಾಕೆ ನಗ್ತೀರಿ? ನಗಿ, ನಗಿ. ಬ್ರೋಕರೂ ನಕ್ಕ. ಮನೆ ಮಾರೋ ಹೆಂಗಸಿನ ತಲೆ ಎಲ್ಲೆಲ್ಲಿ ಓಡುತ್ತೆ ಅಂತ ಅವನಿಗೇನು ಗೊತ್ತು.

ಒಳಗೆ ಬನ್ನಿ. ಗೋಡೆ ಮುಟ್ಟಿ ನೋಡಿ, ಪರವಾಗಿಲ್ಲ, ಬಣ್ಣ ಒಣಗಿದೆ. ಏನೋ ವಾಸನೆ ಬರ್ತಿದೆಯಾ? ಏನು ವಾಸನೆ? ನಿಂಬೆಹಣ್ಣಿನದಾ... ಹಾಂ, ಹಾಗಾದ್ರೆ ಸರಿ. ಬೆಳಿಗ್ಗೆನೇ ಹೆಚ್ಚಿ ತಟ್ಟೇಲಿಟ್ಟು ಮೂಲೆಮೂಲೆಗೂ ಇಟ್ಟಿದೀನಿ. ಬ್ರೋಕರ್ ಹೇಳಿಕೊಟ್ಟಿದ್ದು. ಅಕ್ಕಾ, ಬಂದೋರು ಮನೇನ ಕಣ್ಣಲ್ಲಿ ನೋಡಲ್ಲ, ಮೂಗಲ್ಲಿ ನೋಡ್ತಾರೆ ಅಂದ. ನಿಜ ಅವನ ಮಾತು. ನಿಮಗಿಂತ ಮುಂಚೆ ಬಂದಿದ್ದ ಗಂಡ ಹೆಂಡತಿ ಮೇಲಿನ ರೂಮಿನ ಬಾಗಿಲು ತೆಗೆದವರೇ ಕರ್ಚೀಫು ಮೂಗಿಗೆ ಹಿಡ್ಕೊಂಡು ಇಳಿದು ಹೋದ್ರು. ತಿರುಗಿ ಒಂದು ಫೋನೂ ಇಲ್ಲ. ...ಬಣ್ಣದ ವಾಸನೆ, ಮೇಡಂ. ಆಗ ಬಣ್ಣ ಹಸಿ ಇತ್ತು. ಕೆಲವರಿಗೆ ಅದು ಆಗಿಬರಲ್ಲ.

ಗೋಡೆ ಮೇಲೆ ಆ ಚೌಕ ಚೌಕ ಕಲೆ? ಫೋಟೋ ಇದ್ದ ಜಾಗ. ಎರಡು ಸಲ ಬಳಿದ್ರೂ ಎದ್ದು ಕಾಣ್ತಿದೆ. ಎಲ್ಲಾ ಇಳಿಸಿ ಟ್ರಂಕಿಗೆ ತುಂಬಿದೀನಿ. ಅದೂ ಬ್ರೋಕರ್ ಹೇಳಿದ್ದೇ. ನಿಮ್ಮ ಮುಖ ಅಲ್ಲಿದ್ರೆ ಬಂದೋರಿಗೆ ಇದು ತಮ್ಮನೆ ಅನ್ನಿಸಲ್ಲ ಅಂದ. ಫೋಟೋಗಳೇನೋ ಟ್ರಂಕಲ್ಲಿ ಹಿಡಿದ್ವು. ಮನುಷ್ಯರನ್ನೂ ಹಾಗೆ ಮಡಚಿ ಇಡೋ ಹಾಗಿದ್ರೆ... ತಮಾಷೆಗಂದೆ.

ಮೇಲಿನ ರೂಮು ಆಮೇಲೆ ನೋಡೋಣ. ಮೊದಲು ಅಡಿಗೆಮನೆ.

ಈ ಡ್ರಾಯರ್ ಎಳೀರಿ. ಜೋರಾಗಿ ಎಳೀರಿ. ಚೂರೂ ಸದ್ದಿಲ್ಲ ಅಲ್ವಾ? ನಮ್ಮ ಯಜಮಾನ್ರ ಕೈಕೆಲಸ. ಮರದ ಕೆಲಸ ಅವರದು. ಇಲ್ಲಿರೋ ಬಾಗಿಲು, ಕಿಟಕಿ, ಆ ಮೆಟ್ಟಿಲು, ಎಲ್ಲಾ ಅವರೇ ಮಾಡಿದ್ದು. ಊರೋರ ಕೆಲಸ ಮುಗಿಸಿ ಬಂದು ನಮ್ಮದು ಹಿಡಿಯೋರು. ನಾನು ದೀಪ ಹಿಡ್ಕೊಂಡು ನಿಲ್ಲೋಳು, ಅವರು ಉಜ್ಜೋರು. ಕೈ ಸೋತು ದೀಪ ಅಲ್ಲಾಡಿತೋ, ಬೈಗುಳ. ಮರ ಅಂದ್ರೆ ಅಷ್ಟು ಅಕ್ಕರೆ. ನನ್ನ ಕೈ ನೋಯುತ್ತಾ ಅಂತ ಒಂದು ದಿನ ಕೇಳಿದ ಪ್ರಾಣಿ ಅಲ್ಲ. ಅದನ್ನ ಬಿಡಿ.

ಇಲ್ಲ, ತೀರ್ಕೊಂಡ್ರು. ಹೋದ ವರ್ಷ. ಅಯ್ಯೋ, ಇಲ್ಲಲ್ಲ, ಆಸ್ಪತ್ರೇಲಿ. ಅದಕ್ಕೆಲ್ಲ ನೀವು ಯೋಚನೆ ಮಾಡ್ಬೇಡಿ. ಈ ಮನೇಲಿ ಇದುವರೆಗೂ ಯಾರೂ ಸತ್ತಿಲ್ಲ. ಯಾರೂ.

ಹಾಂ? ಸದ್ದಾ? ಪೈಪು ಅದು. ಗಾಳಿ ಸೇರ್ಕೊಂಡಿದೆ. ಟಣ್ ಟಣ್ ಅನ್ನುತ್ತೆ, ತಾನೇ ಸುಮ್ಮನಾಗುತ್ತೆ. ಕಿವಿ ಕೊಡಬೇಡಿ, ಕೊಟ್ಟಷ್ಟೂ ಜಾಸ್ತಿ. ನಾನು ಮಾತಾಡ್ತಾ ಇದ್ರೆ ಗೊತ್ತೇ ಆಗಲ್ಲ, ನೋಡಿ ಬೇಕಾದ್ರೆ. ಮೊದಲು ನಾನು ತುಟಿ ಪಿಟಕ್ ಅಂತಿರಲಿಲ್ಲ, ನಂಬ್ತೀರಾ? ಅವರು ಮಾತಾಡೋರು, ನಾನು ಕೇಳೋಳು. ಈಗ ಉಲ್ಟಾ. ...ಈಗ ಅಂದ್ರೆ, ಅವರಿಲ್ವಲ್ಲ, ಗೋಡೆ ಜೊತೆ ಮಾತಾಡ್ತೀನಿ ಅಂತ.

ಬಚ್ಚಲು ಇಲ್ಲಿ. ಆ ಕಂಬಿ ಟವೆಲ್ ಹಾಕೋಕೆ. ಸೊಂಟದ ಮಟ್ಟಕ್ಕಿದೆಯಾ? ನಾನು ಕುಳ್ಳಿ ಅಲ್ವಾ ಮೇಡಂ.

ಕೂತ್ಕೊಳ್ಳಿ, ಶರಬತ್ತು ಮಾಡ್ತೀನಿ. ಬೇಡ ಅನ್ನಬೇಡಿ, ಹೆಚ್ಚಿ ಉಳಿದ ನಿಂಬೆಹಣ್ಣು ಸುಮ್ಮನೆ ಹಾಳಾಗುತ್ತೆ. ಬಿಸಿಲಲ್ಲಿ ಬಂದಿದೀರಿ, ತುಟಿ ಒಣಗಿದೆ. ಒಣಗಿದ ತುಟಿ ನೋಡೋಕಾಗಲ್ಲ ನನಗೆ. ತಗೊಳ್ಳಿ. ಸಕ್ಕರೆ ಕರಗಿಲ್ಲ, ಚಮಚ ಅದರಲ್ಲೇ ಇದೆ, ಕಲಕಿಕೊಳ್ಳಿ. ಗಾಜಿನ ಲೋಟ ಇಲ್ಲ, ಎಲ್ಲಾ ಸ್ಟೀಲು. ಗಾಜಿನದು ಕೊಟ್ರೆ ಬೀಳಿಸಿ ಚೂರು ಮಾಡಿ... ನಾನು. ನಾನೇ ಬೀಳಿಸೋದು.

ನೀರಿಗಂತೂ ಇಲ್ಲಿ ಯಾವತ್ತೂ ತೊಂದರೆ ಇಲ್ಲ. ಹಗಲೂ ರಾತ್ರಿ ಬರುತ್ತೆ. ನಲ್ಲಿ ತಿರುಗಿಸಿ ನೋಡಿ, ಹೇಗೆ ಧೋ ಅಂತ... ನಿಲ್ಲಿಸಿ, ನಿಲ್ಲಿಸಿ, ಸಾಕು. ನೀರಿನ ಸದ್ದು ಬಿದ್ರೆ ಅದಕ್ಕೆ ಹುಚ್ಚು ಹಿಡಿಯುತ್ತೆ. ಪೈಪಿಗೆ. ನೋಡಿ, ಶುರುವಾಯ್ತು.

ನಲ್ಲಿ ನಿಲ್ಲಿಸಿದ ಮೇಲೂ ಬರ್ತಿದೆ ಅಂದ್ರೆ ಅದು ಪಾರಿವಾಳ ಇರಬೇಕು. ಮೇಲೆ ತಗಡು ಹಾಕಿದೆ, ಕುಕ್ತಾ ಇರ್ತವೆ. ಆಗ ಪೈಪು ಅಂದೆನಾ? ಪೈಪೂ ಇದೆ, ಪಾರಿವಾಳಾನೂ ಇದೆ. ಹಳೇ ಮನೆ ಅಂದ್ಮೇಲೆ ಒಂದಾ ಎರಡಾ. ಇಲ್ಲ, ಮೇಲಿನ ರೂಮಿನ ಬಾಗಿಲು ಹಾಕಿದೀನಿ. ತೇಗದ್ದು, ಭದ್ರವಾದ ಬಾಗಿಲು. ಆದ್ರೆ ಗಾಳಿ ಆಡಲಿ ಅಂತ ಕೆಳಗೆ ಬೆರಳಗಲ ಸಂದು ಬಿಟ್ಟಿದಾರೆ ಪುಣ್ಯಾತ್ಮ, ಎಲ್ಲಾ ಅಲ್ಲಿಂದಲೇ ಇಳಿದು ಬರುತ್ತೆ. ಹಳೇ ಬಟ್ಟೆ ತುರುಕಿದೀನಿ, ಆದ್ರೂ... ಧೂಳಿಗೆ, ಮೇಡಂ. ಧೂಳು ಬರಬಾರದು ಅಂತ.

ಯಾಕೆ ಮಾರ್ತಿದೀನಿ ಅಂತಲಾ? ಒಬ್ಬಳೇ ಇಷ್ಟು ದೊಡ್ಡ ಮನೇಲಿ ಏನು ಮಾಡ್ಲಿ. ಅಕ್ಕನ ಮಗಳ ಹತ್ರ ಹೋಗ್ತೀನಿ. ಸಣ್ಣ ರೂಮು ಕೊಡ್ತಾಳಂತೆ. ಕಿಟಕಿ ಇದೆ, ಮಂಚ ಹಿಡಿಯುತ್ತೆ. ಒಂದೇ. ಎರಡನೇದಕ್ಕೆ ಜಾಗ ಇಲ್ಲ ಚಿಕ್ಕಮ್ಮ, ಈಗಲೇ ಹೇಳ್ಬಿಡ್ತೀನಿ ಅಂದ್ಳು. ನಾನೂ ಹೂಂ ಅಂದೆ. ನನಗೆ ನಿದ್ದೆ ಬೇಕು ಮೇಡಂ, ಅಷ್ಟೇ. ನಿಮಗದು ಅರ್ಥ ಆಗಲ್ಲ, ನೀವು ರಾತ್ರಿ ಮಲಗಿ ಬೆಳಿಗ್ಗೆ ಏಳೋರು. ನನಗೆ ರಾತ್ರಿಯೆಲ್ಲ ಟಣ್ ಟಣ್. ಎದ್ದು ಹೋಗು, ಒರೆಸು, ಬದಲಾಯಿಸು, ಒಗಿ, ಬಂದು ತಲೆ ಇಡು, ಮತ್ತೆ ಟಣ್ ಟಣ್... ಯಾಕೆ ಹಾಗೆ ನೋಡ್ತೀರಿ? ಪೈಪು ಸೋರುತ್ತಲ್ಲ, ಅದನ್ನ ಒರೆಸೋದು.

ಇವತ್ತು ಎಷ್ಟೋ ವಾಸಿ. ನಿನ್ನೆಯಿಂದ ಕಡಿಮೆ ಆಗ್ತಾ ಬಂದಿದೆ, ನಾನೇ ಗಮನಿಸಿದೀನಿ. ನೀವು ಸಾಮಾನು ಸಾಗಿಸ್ಕೊಂಡು ಬರೋ ಹೊತ್ತಿಗೆ ನಿಂತೇ ಹೋಗಿರುತ್ತೆ. ಬೇಕಾದ್ರೆ ಬರೆದುಕೊಡ್ತೀನಿ.

ಯಾಕೆ ಸುಮ್ಮನಾದ್ರಿ? ಏನಾದ್ರೂ ಕೇಳಿ. ಬಾಗಿಲು ಯಾವ ದಿಕ್ಕಿಗೆ, ಪಕ್ಕದ ಮನೆಯೋರು ಹೇಗೆ, ಎಲ್ಲರೂ ಕೇಳ್ತಾರಪ್ಪ. ಶರಬತ್ತು ಹುಳಿಯಾಯ್ತಾ? ಒಂದು ಗುಟುಕೂ ಕುಡಿದಿಲ್ಲ. ನೀವು ಹೀಗೆ ಬಾಯಿಗೆ ಬೀಗ ಹಾಕ್ಕೊಂಡು ಕೂತ್ರೆ ನನಗೆ... ನಾನೆಷ್ಟು ಅಂತ ಮಾತಾಡ್ಲಿ, ಗಂಟಲು ಒಣಗುತ್ತೆ ನನಗೂ.

ಏನ್ಮಾಡ್ತಿದೀರಿ? ಚಮಚದಲ್ಲಿ ಲೋಟ ಕುಟ್ಟಬೇಡಿ. ಬೇಡ. ಮೇಲೆ ಕೇಳಿಸುತ್ತೆ.

...

ಪೈಪು ಅಂದೆನಲ್ಲ.

ಮತ್ತೆ ಯಾಕೆ ಕುಟ್ಟಿದ್ರಿ? ನೀವು ಎರಡು ಸಲ ಕುಟ್ಟಿದ್ರೆ ಅದೂ ಎರಡು... ಮೂರಕ್ಕೆ ಮೂರು...

ಸರಿ. ಪಾರಿವಾಳ ಹಾಗೆ ತಿರುಗಿ ಕುಟ್ಟಲ್ಲ, ಒಪ್ಪಿದೆ. ಇದಾರೆ. ಬದುಕಿದಾರೆ. ಮಾತು ಬಿದ್ದುಹೋಗಿದೆ, ಒಂದು ಕೈ ಮಾತ್ರ ಆಡುತ್ತೆ. ಆ ಕೈಯಲ್ಲಿ ಒಂದು ಚಮಚ, ಪಕ್ಕದಲ್ಲಿ ಒಂದು ಲೋಟ. ನೀರು ಬೇಕಾದ್ರೆ ಕುಟ್ಟಿ ಅಂತ ನಾನೇ ಕಲಿಸಿದ್ದು. ಆಗ ನನಗೂ ಕರುಣೆ ಇತ್ತು. ಬೆಳಿಗ್ಗೆ ಚಮಚ ಕಿತ್ಕೊಂಡೆ ಕೂಡ. ಮಂಚಾನೇ ಗುದ್ದೋಕೆ ಶುರು ಮಾಡಿದ್ರು, ಅದು ಇನ್ನೂ ಜೋರು, ವಾಪಸ್ ಕೊಟ್ಟೆ.

ಲೋಟ ಎತ್ಕೊಂಡು ಎಲ್ಲಿಗೆ ಹೊರಟ್ರಿ? ಅದರಲ್ಲಿ ಶರಬತ್ತಿದೆ. ಮೆಟ್ಟಿಲು ಹತ್ತಬೇಡಿ. ನಿಮ್ಮನ್ನೇ ಕೂಗ್ತಿರೋದು... ಮನೆ ಬೇಡ ಅಂದ್ರೆ ಬೇಡ, ನನಗೇನೂ ಬೇಜಾರಿಲ್ಲ, ಹೋಗಿಬನ್ನಿ. ಆದ್ರೆ ಅವರಿಗೆ ಅದನ್ನ ಕುಡಿಸಬೇಡಿ, ತಾಯಿ. ಒಂದು ಗುಟುಕು ಒಳಗೆ ಹೋದ್ರೂ ಹಾಸಿಗೆಯೆಲ್ಲ ಒದ್ದೆ ಮಾಡ್ತಾರೆ. ನಿನ್ನೆಯಿಂದ ಒಣಗಿಸಿಟ್ಟಿದೀನಿ. ಸಂಜೆಗೆ ಇನ್ನೊಬ್ಬರು ಮನೆ ನೋಡೋಕೆ ಬರ್ತಾರೆ.